ಎದೆಮೂಳೆಯ ತುದಿಯ ಗಂಟು: ಒಬ್ಬ ಟೈಲರ್ ಪ್ರಕರಣ

ರೋಗಿ 48 ವರ್ಷದ ಗಂಡಸು, ದಾವಣಗೆರೆ ಕಡೆಯವರು. ಟೈಲರಿಂಗ್ ಕೆಲಸ. ಹೊಲಿಯೋದಕ್ಕೆ ಅಂಗಡಿಯಲ್ಲಿ ಹುಡುಗರಿದ್ದಾರೆ, ಇವರದು ಕಟಿಂಗ್. ಗುರುತು ಸಿಗದಿರಲಿ ಎಂದು ಕೆಲವು ವಿವರ ಬದಲಿಸಿದ್ದೇನೆ.

ದೂರು ಒಂದೇ. ಎದೆಮೂಳೆ ಮುಗಿದು ಹೊಟ್ಟೆ ಶುರುವಾಗುವ ಜಾಗದಲ್ಲಿ, ಸರಿಯಾಗಿ ನಡುವೆ, ಒಂದು ಗಟ್ಟಿ ಗಂಟು. ಮಲಗಿದರೆ ಕೈಗೆ ಸಿಗುತ್ತದೆ, ನಿಂತರೆ ಅಷ್ಟಾಗಿ ಸಿಗುವುದಿಲ್ಲ. ಅದೇ ಜಾಗದಲ್ಲಿ ಮೂರು ತಿಂಗಳಿಂದ ಮಂದ ನೋವು. ಬಗ್ಗಿದರೆ ಜಾಸ್ತಿ. ಊಟವಾದ ಮೇಲೆ ಬಗ್ಗಿದರೆ ಇನ್ನೂ ಜಾಸ್ತಿ. ಗಂಟು ಮೊದಲು ಸಿಕ್ಕಿದ್ದು ಒಂದು ರಾತ್ರಿ, ಹಾಸಿಗೆಯಲ್ಲಿ ಮಲಗಿ ಹೊಟ್ಟೆ ಸವರಿಕೊಳ್ಳುವಾಗ. ಅವತ್ತಿನಿಂದ ನಿದ್ದೆ ಹೋಗಿತ್ತು.

ನನ್ನ ಹತ್ತಿರ ಬರುವ ಹೊತ್ತಿಗೆ ಒಂದು ದೊಡ್ಡ ಕವರ್ ತುಂಬ ರಿಪೋರ್ಟುಗಳಿದ್ದವು. ಊರಲ್ಲಿ ಮೊದಲು ಯಾರೋ "ಬಟ್ಟಿ ಜಾರಿದೆ" ಎಂದು ಹೇಳಿ ಹೊಟ್ಟೆ ತಿಕ್ಕಿಸಿದ್ದರು. ಆಮೇಲೆ ಗ್ಯಾಸ್ಟ್ರಿಕ್ ಮಾತ್ರೆ. ಅದರಿಂದ ಕಡಿಮೆಯಾಗದೆ ಎಂಡೋಸ್ಕೋಪಿ: ಸ್ವಲ್ಪ ಗ್ಯಾಸ್ಟ್ರೈಟಿಸ್, ಬೇರೇನಿಲ್ಲ. ಅಲ್ಟ್ರಾಸೌಂಡ್: ಲಿವರ್‌ನಲ್ಲಿ ಸ್ವಲ್ಪ ಕೊಬ್ಬು, ಬೇರೇನಿಲ್ಲ. ಕೊನೆಗೆ ಸಿಟಿ ಸ್ಕ್ಯಾನ್. ಅದರ ರಿಪೋರ್ಟಿನಲ್ಲಿ ಲಿವರ್, ಪಿತ್ತಕೋಶ, ಮೇದೋಜೀರಕ, ಕಿಡ್ನಿ ಎಲ್ಲದಕ್ಕೂ 'ನಾರ್ಮಲ್' ಎಂದು ಬರೆದು, ಕೆಳಗೆ ಒಂದು ಸಾಲು ಸೇರಿಸಿದ್ದರು: "ಪ್ರಾಮಿನೆಂಟ್, ಆಂಟೀರಿಯರ್ಲಿ ಆಂಗ್ಯುಲೇಟೆಡ್ ಜೈಫಾಯಿಡ್ ಪ್ರೋಸೆಸ್."

ಇಡೀ ಪ್ರಕರಣದ ಉತ್ತರ ಆ ಸಾಲಿನಲ್ಲೇ ಇತ್ತು. ಆದರೆ ಮನೆಯಲ್ಲಿ ಭಯ ಹುಟ್ಟಿಸಿದ್ದೂ ಅದೇ ಸಾಲು. ಬೇರೆ ಎಲ್ಲದರ ಮುಂದೆ ನಾರ್ಮಲ್ ಎಂದಿದೆ, ಇದೊಂದರ ಮುಂದೆ ಇಲ್ಲ. ಮಗ ಇಂಜಿನಿಯರಿಂಗ್ ಓದುತ್ತಿದ್ದಾನೆ. 'ಪ್ರಾಮಿನೆಂಟ್' ಅಂದರೆ ಎದ್ದು ಕಾಣುವಂಥದ್ದು ಎಂದು ಅವನು ಸರಿಯಾಗಿಯೇ ಹೇಳಿದ್ದ. 'ಪ್ರೋಸೆಸ್' ಹತ್ತಿರ ಎಡವಿದ. "ಒಳಗೆ ಏನೋ ಪ್ರೋಸೆಸ್ ನಡೀತಾ ಇದೆ, ಅದು ಈಗ ಎದ್ದು ಕಾಣ್ತಾ ಇದೆ" ಎಂದು ಅಪ್ಪನಿಗೆ ಓದಿ ಹೇಳಿದ್ದ.

ಅವನದೇನೂ ತಪ್ಪಿಲ್ಲ. ಕಾಲೇಜಿನಲ್ಲಿ ಪ್ರೋಸೆಸ್ ಅಂದರೆ ಅದೇ ಅಲ್ವಾ, ಹಂತ ಹಂತವಾಗಿ ನಡೆಯುವ ಕ್ರಿಯೆ. ಅಂಗರಚನೆಯಲ್ಲಿ ಮಾತ್ರ ಅದಕ್ಕೆ ಬೇರೆ ಅರ್ಥ. ಮೂಳೆಯಿಂದ ಹೊರಗೆ ಚಾಚಿದ ಭಾಗಕ್ಕೆಲ್ಲ ಪ್ರೋಸೆಸ್ ಎನ್ನುತ್ತಾರೆ. ಕಿವಿಯ ಹಿಂದೆ ಕೈಗೆ ಸಿಗುವ ಗಟ್ಟಿ ಉಬ್ಬು ಒಂದು ಪ್ರೋಸೆಸ್. ಬಗ್ಗಿದಾಗ ಬೆನ್ನಿನ ನಡುವೆ ಸಾಲಾಗಿ ಏಳುವ ಗುಬಟುಗಳೂ ಪ್ರೋಸೆಸ್‌ಗಳೇ. ಹಾಗೆ ಎದೆಮೂಳೆಯ ಕೆಳತುದಿಯ ಚಾಚು ಜೈಫಾಯಿಡ್ ಪ್ರೋಸೆಸ್. ಅದು ಕಾಯಿಲೆಯ ಹೆಸರಲ್ಲ. ಎಲ್ಲರಿಗೂ ಇರುವ ಒಂದು ಭಾಗದ ಹೆಸರು.

ಇಷ್ಟನ್ನು ಸ್ಕ್ಯಾನ್ ಮಾಡಿಸಿದ ದಿನವೇ ಯಾರಾದರೂ ಎರಡು ನಿಮಿಷ ಕೂತು ಹೇಳಿದ್ದರೆ ಮುಂದಿನದೆಲ್ಲ ಬೇಕಿರಲಿಲ್ಲ. ರೇಡಿಯಾಲಜಿಸ್ಟ್ ರಿಪೋರ್ಟ್ ಬರೆಯುವುದು ಇನ್ನೊಬ್ಬ ಡಾಕ್ಟರಿಗಾಗಿ. ಅದು ನೇರವಾಗಿ ರೋಗಿಯ ಕೈಗೆ ಬರುತ್ತದೆ, ಸಂಜೆಯೊಳಗೆ ಮನೆಯವರೆಲ್ಲರ ಮೊಬೈಲಿಗೂ ಹೋಗಿರುತ್ತದೆ.

ಗಂಟು ನೋಡುವ ಮೊದಲು

ಸಿಟಿ ರಿಪೋರ್ಟ್ ಓದಿದ ತಕ್ಷಣ ನನಗೆ ಉತ್ತರ ಹೊಳೆದಿತ್ತು. ಆದರೆ ಇಂಥ ಕಡೆ ಅವಸರ ಮಾಡಬಾರದು. ವಯಸ್ಸು 48, ಶುಗರ್ ಇದೆ, ಹೊಟ್ಟೆಯ ಮೇಲ್ಭಾಗದಲ್ಲಿ ನೋವು. ಶುಗರ್ ಇರುವವರಲ್ಲಿ ಹೃದಯದ ನೋವು ಎದೆಯ ಎಡಗಡೆಯೇ ಬರಬೇಕೆಂದಿಲ್ಲ. ಎಷ್ಟೋ ಸಲ ಗ್ಯಾಸ್ ಎಂದುಕೊಂಡು ಮನೆಯಲ್ಲಿ ಸೋಡಾ ಕುಡಿದು ಕೂತವರಿಗೆ ಆಗಿರುವುದು ಹಾರ್ಟ್ ಅಟ್ಯಾಕ್. ಮೂಳೆಯ ತುದಿ ಉಬ್ಬಿದೆ ಎಂದ ಮಾತ್ರಕ್ಕೆ ನೋವು ಅದರದ್ದೇ ಎಂದು ಹೇಳಲಾಗುವುದಿಲ್ಲ.

ಹಾಗಾಗಿ ಮೊದಲು ಇಸಿಜಿ ಮಾಡಿಸಿದೆ. ನಾರ್ಮಲ್ ಬಂತು. ಇಸಿಜಿ ನಾರ್ಮಲ್ ಬಂದರೆ ಹೃದಯ ಪೂರ್ತಿ ಸರಿ ಎಂದೂ ಅಲ್ಲ. ಹಾಗಾಗಿ ಪ್ರಶ್ನೆ ಕೇಳಿದೆ. ಅಂಗಡಿ ಮಹಡಿ ಮೇಲಿದೆ. ಮೆಟ್ಟಿಲು ಹತ್ತುವಾಗ ನೋವಿಲ್ಲ. ಬಟ್ಟೆಯ ಬಂಡಲ್ ಹೊತ್ತು ಹತ್ತಿದರೂ ಎದೆ ಹಿಡಿಯುವುದಿಲ್ಲ, ಬೆವರುವುದಿಲ್ಲ, ಏದುಸಿರಿಲ್ಲ. ಕತ್ತರಿ ಹಿಡಿದು ಟೇಬಲ್ ಮೇಲೆ ಬಗ್ಗಿ ಒಂದು ಗಂಟೆ ಕಳೆದರೆ ನೋವು ಬರುತ್ತದೆ. ಎದ್ದು ಸೆಟೆದು ನಿಂತರೆ ನಿಧಾನವಾಗಿ ಇಳಿಯುತ್ತದೆ. ಹೃದಯದ ನೋವು ಸಾಮಾನ್ಯವಾಗಿ ಹೀಗೆ ನಡೆದುಕೊಳ್ಳುವುದಿಲ್ಲ.

ಎರಡನೆಯದು ತೂಕ. ಒಂದು ವರ್ಷದಲ್ಲಿ 84 ಕಿಲೋದಿಂದ 71ಕ್ಕೆ ಇಳಿದಿದ್ದರು. ಹೊಟ್ಟೆಯಲ್ಲಿ ಗಂಟು, ಜೊತೆಗೆ 13 ಕಿಲೋ ಕಡಿಮೆ ಎಂದರೆ ಯಾವ ಡಾಕ್ಟರಿಗಾದರೂ ಕಿವಿ ನೆಟ್ಟಗಾಗುತ್ತದೆ. ಆದರೆ ಇವರ ತೂಕ ತಾನಾಗಿ ಇಳಿದಿರಲಿಲ್ಲ. ಶುಗರ್ ಗೊತ್ತಾದ ಮೇಲೆ ಮಾತ್ರೆ ಶುರು ಮಾಡಿ, ಅನ್ನ ಕಡಿಮೆ ಮಾಡಿ, ಬೆಳಗ್ಗೆ ವಾಕಿಂಗ್ ಹಿಡಿದಿದ್ದರು. ಹಸಿವು ಚೆನ್ನಾಗಿತ್ತು. ನುಂಗಲು ತೊಂದರೆ ಇಲ್ಲ, ವಾಂತಿ ಇಲ್ಲ, ಮಲ ಕಪ್ಪಾಗಿಲ್ಲ, ಹಿಮೋಗ್ಲೋಬಿನ್ ಸರಿ ಇದೆ, ಎಂಡೋಸ್ಕೋಪಿಯೂ ಆಗಿದೆ. ಬೇಕೆಂದು ಇಳಿಸಿದ ತೂಕಕ್ಕೂ ಕಾರಣವಿಲ್ಲದೆ ಇಳಿದ ತೂಕಕ್ಕೂ ಅಜಗಜಾಂತರ.

ಬೆರಳಿಗೆ ಸಿಕ್ಕಿದ್ದು

ಅವರನ್ನು ಬೆನ್ನ ಮೇಲೆ ಮಲಗಿಸಿ, ಮಂಡಿ ಮಡಚಲು ಹೇಳಿದೆ. ಹೊಟ್ಟೆ ಸಡಿಲವಾಗಲಿ ಎಂದು. ಕತ್ತಿನ ಬುಡದ ಗುಳಿಯಿಂದ ಬೆರಳು ಇಳಿಸುತ್ತಾ ಬಂದೆ. ಎದೆಮೂಳೆ ಎಂದು ನಾವು ಒಂದೇ ಹೆಸರಿನಲ್ಲಿ ಕರೆದರೂ ಅದಕ್ಕೆ ಮೂರು ಭಾಗ. ಮೇಲೆ ಅಗಲವಾದ ಚಿಕ್ಕ ತುಂಡು, ನಡುವೆ ಉದ್ದನೆಯ ಹಲಗೆಯಂಥ ಭಾಗ, ಕೆಳಗೆ ಈ ಸಣ್ಣ ತುದಿ. ಹಿಂದಿನವರು ಇಡೀ ಮೂಳೆಯನ್ನು ಒಂದು ಕತ್ತಿಯಂತೆ ಕಂಡು ಮೇಲಿನದನ್ನು ಹಿಡಿ, ನಡುವಿನದನ್ನು ಅಲಗು ಎಂದು ಕರೆದರು. ಜೈಫಾಯಿಡ್ ಎಂಬುದೂ ಕತ್ತಿಗೆ ಗ್ರೀಕರು ಇಟ್ಟ ಹೆಸರಿನಿಂದಲೇ ಬಂದದ್ದು. ಇದನ್ನು ನಾನು ಇವರಿಗೆ ಹೇಳಲಿಲ್ಲ. ಮೊದಲೇ ಹೆದರಿದವರಿಗೆ ಎದೆಯಲ್ಲಿ ಕತ್ತಿ ಇದೆ ಎನ್ನುವುದು ಬೇಡವಾಗಿತ್ತು.

ಎರಡೂ ಕಡೆಯ ಪಕ್ಕೆಲುಬಿನ ಅಂಚುಗಳು ಮೇಲೇರಿ ನಡುವೆ ಸೇರುವ ಕಡೆ ಬೆರಳು ಒಂದು ಮೆಟ್ಟಿಲು ಇಳಿದಂತಾಯಿತು. ಅಲ್ಲಿಂದ ಕೆಳಗೆ ಗಂಟು. ಗಟ್ಟಿಯಾಗಿದೆ. ಸರಿಯಾಗಿ ನಡುವೆ ಇದೆ. ಮೇಲಿನ ಮೂಳೆಗೆ ಅಂಟಿಕೊಂಡೇ ಇದೆ, ನಡುವೆ ಬಿರುಕಿಲ್ಲ. ಮೇಲಿನ ಚರ್ಮ ಮಾಮೂಲಿಯಂತಿದೆ, ಕೆಂಪಿಲ್ಲ, ಬಿಸಿಯಿಲ್ಲ. ತುದಿ ಒಳಗೆ ಹೋಗುವ ಬದಲು ಮುಂದಕ್ಕೆ ಬಾಗಿದೆ. ಸಿಟಿಯಲ್ಲಿ ಬರೆದಿದ್ದೂ ಅದನ್ನೇ.

ಕೆಮ್ಮಲು ಹೇಳಿದೆ. ಗಂಟು ದೊಡ್ಡದಾಗಲಿಲ್ಲ. ಇದನ್ನು ನೋಡಲೇಬೇಕು. ಯಾಕೆಂದರೆ ಇದೇ ನಡುಗೆರೆಯಲ್ಲಿ, ಸ್ವಲ್ಪ ಕೆಳಗೆ, ಹೊಟ್ಟೆಯ ಗೋಡೆ ಸಣ್ಣಗೆ ಬಿರಿದು ಒಳಗಿನ ಕೊಬ್ಬು ಹೊರಗೆ ತಳ್ಳುವ ಹರ್ನಿಯಾ ಆಗುತ್ತದೆ. ಅದು ಸಾಮಾನ್ಯವಾಗಿ ಕೆಮ್ಮಿದಾಗ ಉಬ್ಬುತ್ತದೆ. ತಲೆ ಎತ್ತಲು ಹೇಳಿದೆ. ಹೊಟ್ಟೆಯ ಸ್ನಾಯು ಬಿಗಿಯಾಯಿತು, ಗಂಟು ಇದ್ದ ಹಾಗೇ ಇತ್ತು. ಒಳಗಿನ ಗಡ್ಡೆಯಾಗಿದ್ದರೆ ಬಿಗಿದ ಸ್ನಾಯುವಿನ ಹಿಂದೆ ಮರೆಯಾಗಬೇಕಿತ್ತು. ಉಸಿರು ಎಳೆದಾಗ ಲಿವರಿನ ಅಂಚು ಕೆಳಗೆ ಜಾರಿ ಬೆರಳಿಗೆ ತಗಲುವುದುಂಟು. ಇದು ಹಾಗೆ ಜಾರಲಿಲ್ಲ.

ಕೊನೆಗೆ ತುದಿಯನ್ನು ಮೆಲ್ಲಗೆ ಒತ್ತಿದೆ. "ಅದೇ ಡಾಕ್ಟ್ರೇ! ಅದೇ ನೋವು, ಅದೇ ಜಾಗ!" ಎಂದರು. ಅಂಗಡಿಯಲ್ಲಿ ಬರುವ ನೋವೇ ಬೆರಳೊತ್ತಿದಾಗ ಬರುವುದು ಇಲ್ಲಿ ದೊಡ್ಡ ಸುಳಿವು. ಜೈಫಾಯಿಡ್ ತುದಿಯ ನೋವಿಗೆ ಜೈಫೋಡೈನಿಯಾ ಎಂಬ ಹೆಸರಿದೆ. ಅದನ್ನು ಗುರುತಿಸಲು ವಿಶೇಷ ಮಶೀನ್ ಇಲ್ಲ. ಬೇರೆಯದನ್ನೆಲ್ಲ ಪಕ್ಕಕ್ಕಿಟ್ಟ ಮೇಲೆ ಒಂದು ಬೆರಳು ಸಾಕು. ನಮ್ಮಲ್ಲಿ ಹೊಟ್ಟೆನೋವು ಎಂದ ಕೂಡಲೇ ಕೈ ಸ್ಕ್ಯಾನಿಂಗ್ ಚೀಟಿಗೆ ಹೋಗುತ್ತದೆ, ಹೊಟ್ಟೆಗೆ ಹೋಗುವುದಿಲ್ಲ. ಇದನ್ನು ನಮ್ಮವರ ಮೇಲಿನ ದೂರು ಎಂದೇ ತಿಳಿಯಿರಿ.

"48 ವರ್ಷ ಇಲ್ಲದ್ದು ಈಗ ಎಲ್ಲಿಂದ ಬಂತು?"

ಹೆಂಡತಿ ಕೇಳಿದ ಪ್ರಶ್ನೆ ಇದು. ನ್ಯಾಯವಾದ ಪ್ರಶ್ನೆ. "ಎಲ್ಲರಿಗೂ ಇರುತ್ತಮ್ಮಾ" ಎಂದು ಹೇಳಿ ಕಳಿಸಿದ್ದರೆ ಅವರು ಇನ್ನೊಂದು ಆಸ್ಪತ್ರೆಗೆ ಹೋಗುತ್ತಿದ್ದರು.

ಹುಟ್ಟಿದಾಗ ಈ ತುದಿ ಮೂಳೆಯಾಗಿರುವುದಿಲ್ಲ. ಕಿವಿಯ ಮೇಲ್ಭಾಗದಲ್ಲಿ ಮಡಚಿದರೆ ಮಡಚುವ ವಸ್ತು ಇದೆಯಲ್ಲ, ಅದೇ ಜಾತಿಯದು. ಶಾಲೆಯ ಪುಸ್ತಕದಲ್ಲಿ ಮೃದ್ವಸ್ಥಿ ಎಂದು ಓದಿರುತ್ತೀರಿ. ಮೇಲಿನ ಮೂಳೆಗಳೆಲ್ಲ ಗಟ್ಟಿಯಾದ ಮೇಲೂ ಇದು ನಿಧಾನ. ಬಾಲ್ಯದಲ್ಲಿ ಎಂದೋ ಮೂಳೆಯಾಗಲು ಶುರುವಾಗಿ, ಪೂರ್ತಿ ಗಟ್ಟಿಯಾಗುವ ಹೊತ್ತಿಗೆ ಸುಮಾರು ನಲವತ್ತು ದಾಟಿರುತ್ತದೆ. ಮೇಲಿನ ಭಾಗದ ಜೊತೆ ಬೆಸೆದುಕೊಳ್ಳುವುದೂ ಹೆಚ್ಚಾಗಿ ನಡುವಯಸ್ಸಿನ ಮೇಲೆಯೇ, ಕೆಲವರಲ್ಲಿ ಬೆಸೆಯುವುದೇ ಇಲ್ಲ. ಅಂದರೆ ಇಪ್ಪತ್ತರಲ್ಲಿ ಒತ್ತಿದರೆ ಬಾಗುತ್ತಿದ್ದ ತುದಿ ಈಗ ಬಾಗುವುದಿಲ್ಲ.

ಆಕಾರವೂ ಎಲ್ಲರಲ್ಲಿ ಒಂದೇ ಅಲ್ಲ. ಕೆಲವರಿಗೆ ಚೂಪು, ಕೆಲವರಿಗೆ ಅಗಲ. ಕೆಲವರಿಗೆ ತುದಿ ಎರಡಾಗಿ ಸೀಳಿರುತ್ತದೆ. ನಡುವೆ ತೂತು ಇರುವವರೂ ಇದ್ದಾರೆ. ಒಳಗೆ ಬಾಗಿರುತ್ತದೆ, ಮುಂದೆ ಬಾಗಿರುತ್ತದೆ, ಒಂದು ಪಕ್ಕಕ್ಕೆ ತಿರುಗಿರುತ್ತದೆ. ಇವೆಲ್ಲ ಹುಟ್ಟಿನಿಂದ ಬಂದ ವ್ಯತ್ಯಾಸಗಳು. ಇವರಿಗೆ ಬಹುಶಃ ಮೊದಲಿನಿಂದಲೂ ಮುಂದಕ್ಕೆ ಬಾಗಿತ್ತು. 84 ಕಿಲೋ ಇದ್ದಾಗ ಅದರ ಮೇಲೆ ಕೊಬ್ಬಿನ ಪದರ ದಪ್ಪಗಿತ್ತು. ಕೊಬ್ಬು ಕರಗಿತು, ಮೂಳೆ ಕೈಗೆ ಸಿಕ್ಕಿತು. ಹೊಸದಾಗಿ ಏನೂ ಬೆಳೆದಿಲ್ಲ.

ಮಲಗಿದಾಗ ಮಾತ್ರ ಸಿಗುವುದಕ್ಕೂ ಕಾರಣ ಸರಳ. ಅಂಗಾತ ಮಲಗಿದರೆ ಹೊಟ್ಟೆ ಒಳಗೆ ಇಳಿಯುತ್ತದೆ, ಮೂಳೆ ಇದ್ದಲ್ಲೇ ಇರುತ್ತದೆ.

ಹಾಗಾದರೆ ನೋವು? ಅದಕ್ಕೆ ಕಟಿಂಗ್ ಟೇಬಲ್ ನೋಡಬೇಕು. ಅಂಗಡಿಯ ಫೋಟೋ ತೋರಿಸಿ ಎಂದೆ. ಟೇಬಲ್ ಅಗಲವಾಗಿದೆ, ಅಂಚು ಚೂಪಾಗಿದೆ, ಎತ್ತರ ಇವರಿಗೆ ಕಡಿಮೆ. ಆಚೆ ತುದಿಯ ಬಟ್ಟೆಗೆ ಸೀಮೆಸುಣ್ಣದ ಗುರುತು ಹಾಕಲು ಇವರು ಪೂರ್ತಿ ಬಗ್ಗಿ, ದೇಹದ ಭಾರವನ್ನು ಟೇಬಲ್ ಅಂಚಿನ ಮೇಲೆ ಬಿಡುತ್ತಾರೆ. ಅಂಚು ಒತ್ತುವುದು ಸರಿಯಾಗಿ ಅಲ್ಲಿಗೇ. ಮೊದಲು ನಡುವೆ ಕೊಬ್ಬಿತ್ತು, ಈಗ ಇಲ್ಲ. ಅದರ ಮೇಲೆ ಇದು ಸುಮ್ನೆ ನೇತಾಡುವ ತುದಿಯಲ್ಲ. ಎದೆಗೂ ಹೊಟ್ಟೆಗೂ ನಡುವೆ ಪರದೆಯಂತಿದ್ದು ಉಸಿರಾಡಿಸುವ ಸ್ನಾಯು, ಅಂದರೆ ವಪೆಯ ಮುಂದಿನ ಎಳೆಗಳು ಇದರ ಹಿಂಬದಿಗೆ ಅಂಟಿವೆ. ಹೊಟ್ಟೆಯ ನಡುವೆ ಮೇಲಿನಿಂದ ಕೆಳಗೆ ಹೋಗುವ ಗಟ್ಟಿ ನಾರಿನ ಪಟ್ಟಿ ಶುರುವಾಗುವುದು ಇಲ್ಲಿಂದ. ಹೊಟ್ಟೆಯ ಉದ್ದ ಸ್ನಾಯುಗಳ ಕೆಲವು ಎಳೆಗಳೂ ಇಲ್ಲಿಗೆ ಬರುತ್ತವೆ. ಹಾಗಾಗಿ ಇಲ್ಲಿ ಒಮ್ಮೆ ಪೆಟ್ಟು ಬಿದ್ದು ಊದಿಕೊಂಡರೆ ಕೆಮ್ಮು, ಸೀನು, ಹೊಟ್ಟೆ ತುಂಬ ಊಟ ಎಲ್ಲವೂ ಅದನ್ನು ಎಳೆಯುತ್ತವೆ. ಊಟವಾದ ಮೇಲೆ ಜಾಸ್ತಿ ಎಂಬ ಒಂದೇ ಮಾತಿಗೆ ಇವರು ತಿಂಗಳುಗಟ್ಟಲೆ ಗ್ಯಾಸ್ಟ್ರಿಕ್ ಮಾತ್ರೆ ನುಂಗಿದ್ದರು.

ಇನ್ನೊಂದು ಕಾರಣ ಅವರ ಬೆರಳೇ. ದಿನಕ್ಕೆ ಎಷ್ಟು ಸಲ ಮುಟ್ಟಿ ನೋಡ್ತೀರಿ ಎಂದೆ. ಅವರು ಹೆಂಡತಿಯ ಮುಖ ನೋಡಿದರು. "ಮುಟ್ಟದೇ ಇರೋದು ಯಾವಾಗ ಅಂತ ಕೇಳಿ ಡಾಕ್ಟ್ರೇ" ಎಂದರು ಹೆಂಡತಿ. ಬೆಳೆದಿದೆಯೋ, ಇಳಿದಿದೆಯೋ ಎಂದು ಒತ್ತಿ ಒತ್ತಿ ಆ ಜಾಗವನ್ನು ಅವರೇ ಹಣ್ಣು ಮಾಡಿದ್ದರು.

ಹೆಂಡತಿಗೂ ತಮ್ಮ ಎದೆಮೂಳೆಯ ತುದಿ ಹುಡುಕಲು ಹೇಳಿದೆ. ಸಿಕ್ಕಿತು, ಆದರೆ ಚಪ್ಪಟೆ, ಒಳಗಿತ್ತು. ನನ್ನದನ್ನು ನಾನೂ ಮುಟ್ಟಿ ತೋರಿಸಿದೆ. ಮೂರು ಜನರ ಮುಖದಲ್ಲೂ ಸ್ವಲ್ಪ ನಗು ಬಂತು. ಸಿಟಿ ಫಿಲ್ಮ್ ಮಾಡದ ಕೆಲಸ ಇದು ಮಾಡಿತು ಎಂದೇ ನನ್ನ ಲೆಕ್ಕ.

ಮಾಡಿದ್ದು ಏನು

ದೊಡ್ಡ ಚಿಕಿತ್ಸೆಯೇನಲ್ಲ. ಬಿಸಿ ಶಾಖ, ನೋವು ಜಾಸ್ತಿಯಾದ ದಿನ ಪ್ಯಾರಾಸಿಟಮಾಲ್. ಗ್ಯಾಸ್ಟ್ರೈಟಿಸ್ ಮತ್ತು ಶುಗರ್ ಎರಡೂ ಇದ್ದುದರಿಂದ ನೋವಿಗೆ ಕೊಡುವ ಸ್ಟ್ರಾಂಗ್ ಮಾತ್ರೆಗಳಿಗೆ ಕೈ ಹಾಕಲಿಲ್ಲ. ಗಂಟು ಮುಟ್ಟುವುದಕ್ಕೆ ಪೂರ್ತಿ ನಿಷೇಧ. ಟೇಬಲ್ ಕಾಲಿನ ಕೆಳಗೆ ಮರದ ತುಂಡು ಇಟ್ಟು ಎತ್ತರಿಸಿದರು. ಅಂಚಿಗೆ ಅಂಗಡಿಯಲ್ಲೇ ಇದ್ದ ಫೋಮ್ ಹಾಕಿ ರೆಕ್ಸಿನ್ ಹೊಲಿದರು, ಅದಕ್ಕೆ ನನ್ನ ಸಲಹೆ ಬೇಕಾಗಲಿಲ್ಲ. ಆಚೆ ತುದಿಯ ಕೆಲಸಕ್ಕೆ ಬಗ್ಗುವ ಬದಲು ಸುತ್ತಿ ಹೋಗಿ ನಿಲ್ಲಬೇಕು ಎಂದೆ. ಇದು ಅವರಿಗೆ ಕಷ್ಟವಾಯಿತು.

ನೋವು ಹೀಗೂ ಇಳಿಯದಿದ್ದರೆ ಮರಗಟ್ಟಿಸುವ ಔಷಧಿಯನ್ನು ಸ್ವಲ್ಪ ಸ್ಟೆರಾಯ್ಡ್ ಜೊತೆ ಅಲ್ಲಿಗೇ ಚುಚ್ಚುತ್ತಾರೆ. ಸ್ಟೆರಾಯ್ಡ್ ಶುಗರನ್ನು ಕೆಲ ದಿನ ಏರಿಸುತ್ತದೆ, ಹಾಗಾಗಿ ಅದನ್ನು ಕಾಯ್ದಿರಿಸಿದೆ. ಅನುಭವಿ ಕೈಯೂ ಬೇಕು, ಹಿಂದೆ ಲಿವರ್ ಇದೆ, ವಪೆಯ ಮೇಲೆ ಹೃದಯವೇ ಕೂತಿದೆ. ಪ್ರಥಮ ಚಿಕಿತ್ಸೆಯ ತರಬೇತಿಯಲ್ಲಿ ಎದೆ ಒತ್ತುವಾಗ ಅಂಗೈಯನ್ನು ಈ ತುದಿಯ ಮೇಲೆ ಇಡಬೇಡಿ, ಎದೆಯ ನಡುವೆ ಎದೆಮೂಳೆಯ ಕೆಳ ಅರ್ಧದ ಮೇಲಿಡಿ ಎಂದು ಹೇಳಿಕೊಡುವುದೂ ಇದೇ ಕಾರಣಕ್ಕೆ. ಆಪರೇಷನ್ ಮಾಡಿ ತುದಿಯನ್ನೇ ತೆಗೆಯುವುದೂ ಇದೆ, ಆದರೆ ಅದು ಬೇರೆ ಏನೂ ಫಲಿಸದ ಅಪರೂಪದವರಿಗೆ. "ತೆಗೆಸಿಬಿಡೋಣ ಡಾಕ್ಟ್ರೇ, ತಲೆನೋವೇ ಬೇಡ" ಎಂದು ಇವರು ಮೊದಲ ದಿನವೇ ಕೇಳಿದ್ದರು. ಬೇಡ ಎಂದೆ.

ಎರಡನೇ ಸಲ ಬಂದಾಗ ನಾನು ನಿರೀಕ್ಷಿಸದ ಒಂದು ತೊಡಕು ಎದುರಾಯಿತು. ನೋವು ಅರ್ಧಕ್ಕಿಂತ ಕಡಿಮೆ, ನಿದ್ದೆ ಬರುತ್ತಿದೆ. ಆದರೆ ತೂಕ ಏರಿದೆ, ಶುಗರ್ ಏರಿದೆ. ಕೊಬ್ಬು ಕರಗಿದ್ದಕ್ಕೆ ಮೂಳೆ ಕಂಡಿತು ಎಂದಿದ್ದೆನಲ್ಲ, ಮನೆಯವರು ಅದಕ್ಕೆ ತಮ್ಮದೇ ಔಷಧಿ ಕಂಡುಕೊಂಡಿದ್ದರು. ಕೊಬ್ಬು ವಾಪಸ್ ಬಂದರೆ ಮೂಳೆ ಮುಚ್ಚುತ್ತದೆ! ಅನ್ನ, ತುಪ್ಪ, ಬೆಣ್ಣೆ ದೋಸೆ ಎಲ್ಲ ಮರಳಿ ಬಂದಿದ್ದವು. ಊರಿನವರು ಬೇರೆ "ಎಷ್ಟು ಸೊರಗಿದ್ದೀರಿ, ಎಲುಬು ಕಾಣ್ತಿದೆ" ಎಂದು ವರ್ಷದಿಂದ ಹೇಳುತ್ತಲೇ ಇದ್ದರಂತೆ. ಶುಗರ್ ಹತೋಟಿಗೆ ತಂದ ಮನುಷ್ಯನಿಗೆ ನಮ್ಮಲ್ಲಿ ಸಿಗುವ ಮರ್ಯಾದೆ ಇದು. ಮೂಳೆ ಕಂಡರೆ ತೊಂದರೆ ಇಲ್ಲ, ಶುಗರ್ ಕಿಡ್ನಿಗೆ ಹೋದರೆ ತೊಂದರೆ ಎಂದು ಬಿಡಿಸಿ ಹೇಳಬೇಕಾಯಿತು. ಆ ದಿನದ ಮಾತೆಲ್ಲ ಎದೆಮೂಳೆ ಬಿಟ್ಟು ಊಟದ ಬಗ್ಗೆಯೇ ಆಯಿತು.

ಬೇರೆಯವರಿಗೆ ಇದೇ ಸಿಕ್ಕರೆ

ಈ ಗಂಟಿನ ವಿಷಯದಲ್ಲಿ ನನ್ನ ಹತ್ತಿರ ಬರುವವರಲ್ಲಿ ಹೊಸ ತಾಯಂದಿರೂ ಇದ್ದಾರೆ. ಕೂಸಿಗೆ ಸ್ನಾನ ಮಾಡಿಸುವಾಗ ಎದೆಯ ಕೆಳಗೆ ಚೂಪಾದ ತುದಿ ಎದ್ದು ಕಾಣುತ್ತದೆ. ಎದೆಯ ಮೇಲೆ ತೆಳು ಚರ್ಮ, ಒಳಗೆ ಮೆತ್ತನೆಯ ಮೃದ್ವಸ್ಥಿ, ಹಾಗಾಗಿ ಕೂಸುಗಳಲ್ಲಿ ಇದು ತುಂಬಾ ಮಾಮೂಲಿ. ಹಾಲು ಕುಡಿಯುತ್ತಾ ತೂಕ ಏರುತ್ತಿದ್ದರೆ ಸಾಮಾನ್ಯವಾಗಿ ಏನೂ ಮಾಡಬೇಕಿಲ್ಲ. ಒತ್ತಿ ಒಳಗೆ ಕೂರಿಸಲು ಮಾತ್ರ ಯಾರಿಗೂ ಬಿಡಬೇಡಿ.

ದೊಡ್ಡವರಲ್ಲಿ ನಾನು ಸಮಾಧಾನದ ಮಾತು ಆಡದೆ ಮುಂದೆ ಕಳಿಸುವುದು ಯಾವಾಗ ಎಂದರೆ: ಗಂಟು ನಡುಗೆರೆ ಬಿಟ್ಟು ಪಕ್ಕದಲ್ಲಿದ್ದರೆ, ವಾರದಿಂದ ವಾರಕ್ಕೆ ಬೆಳೆಯುತ್ತಿದ್ದರೆ, ಕೆಮ್ಮಿದಾಗ ಉಬ್ಬಿದರೆ, ಮೇಲೆ ಕೆಂಪಾಗಿ ಬಿಸಿಯಾಗಿದ್ದರೆ. ಕಾರಣವಿಲ್ಲದೆ ತೂಕ ಇಳಿದರೆ, ಮಲ ಕಪ್ಪಾದರೆ, ಅನ್ನ ನುಂಗಲು ಕಷ್ಟವಾದರೆ ಗಂಟು ಇರಲಿ ಬಿಡಲಿ ಹೊಟ್ಟೆಯ ಪರೀಕ್ಷೆ ಆಗಲೇಬೇಕು. ನಡೆದಾಗ ಎದೆ ಬಿಗಿದು ನಿಂತಾಗ ಇಳಿಯುವ ನೋವು, ಬೆವರು, ಏದುಸಿರು ಇದ್ದರೆ ಗಂಟನ್ನು ಮರೆತು ನೇರ ಇಸಿಜಿಗೆ ಹೋಗಿ. ಈ ಟೈಲರಿಗೂ ಇದೇ ಮಾತು ಎರಡೆರಡು ಸಲ ಹೇಳಿದ್ದೇನೆ. ನಾಳೆ ನಿಜವಾಗಿ ಎದೆನೋವು ಬಂದರೆ "ಅದು ನನ್ನ ಮೂಳೆ ತುದಿಯದು" ಎಂದು ಮನೆಯಲ್ಲಿ ಕೂರಬಾರದು.

ಈಗ ಅವರ ಸ್ಥಿತಿ ಹೀಗಿದೆ. ಗಂಟು ಇದ್ದಲ್ಲೇ ಇದೆ, ಇರುತ್ತದೆ. ನೋವು ಬಹುಪಾಲು ಹೋಗಿದೆ. ಜೂನ್ ಹತ್ತಿರ ಬಂದು ಶಾಲೆ ಯೂನಿಫಾರ್ಮಿನ ರಾಶಿ ಬಿದ್ದಾಗ ಮತ್ತೆ ಸ್ವಲ್ಪ ಕಾಣಿಸಿಕೊಳ್ಳುತ್ತದೆ, ಶಾಖ ಕೊಟ್ಟರೆ ಇಳಿಯುತ್ತದೆ. ತೂಕ 73ರ ಹತ್ತಿರ ನಿಂತಿದೆ. ಅವರ ಫೈಲಿನ ಮೊದಲ ಪುಟದಲ್ಲಿ ಕೆಂಪು ಶಾಯಿಯಲ್ಲಿ ನಾಲ್ಕು ಸಾಲು ಬರೆದಿದ್ದೇನೆ: ಜೈಫಾಯಿಡ್ ಪ್ರೋಸೆಸ್ ಮುಂದಕ್ಕೆ ಬಾಗಿದೆ, ಸಿಟಿಯಲ್ಲಿ ಖಚಿತವಾಗಿದೆ. ಇದಕ್ಕಾಗಿ ಮತ್ತೆ ಸ್ಕ್ಯಾನ್ ಬೇಡ. ರೋಗಿಗೆ ಶುಗರ್ ಇದೆ. ಎದೆನೋವು ಎಂದು ಬಂದರೆ ಇಸಿಜಿ ಮಾಡಿ.